ಸಹಿಯಿಲ್ಲದ ಕಲೆಗೆ ಸಹಿ ಹಾಕಿದ ಎಸ್ತರ್ ಮಹ್ಲಾಂಗು

ಕೋಳಿ ಗರಿಯನ್ನೇ ಕುಂಚ ಮಾಡಿಕೊಂಡು ಸುಮಾರು ಎಂಟು ದಶಕ ಬಣ್ಣ ಹಚ್ಚಿದ ಕಲಾವಿದೆ ಎಸ್ತರ್ ಮಹ್ಲಾಂಗು. ದಕ್ಷಿಣ ಆಫ್ರಿಕಾದ ಮಿಡಲ್‌ಬರ್ಗ್ ಪಟ್ಟಣದ ಹೊರಗಿನ ಒಂದು ಫಾರ್ಮಿನಲ್ಲಿ 1935ರ ನವೆಂಬರ್ 11ರಂದು ಹುಟ್ಟಿದ ಇವರು ಹತ್ತನೆಯ ವಯಸ್ಸಿಗೆ ಮನೆಯ ಗೋಡೆಯ ಮೇಲೆ ಕೈಯಾಡಿಸಲು ಕಲಿತರು. ಆ ಕೈ ಮುಂದೆ ಪ್ಯಾರಿಸ್ಸಿನ ಪ್ರದರ್ಶನಕ್ಕೂ ಜರ್ಮನ್ ಕಾರಿಗೂ ಲಂಡನ್ನಿನ ಉದ್ಯಾನಕ್ಕೂ ಹೋಗಿಬಂತು. 2024ರ ಫೆಬ್ರವರಿಯಲ್ಲಿ ಕೇಪ್‌ಟೌನಿನ ಇಜಿಕೊ ದಕ್ಷಿಣ ಆಫ್ರಿಕಾ ರಾಷ್ಟ್ರೀಯ ಗ್ಯಾಲರಿಯಲ್ಲಿ ಅವರ ಜೀವಮಾನದ ಕೆಲಸದ ಪ್ರದರ್ಶನ ತೆರೆಯಿತು. ಅದೇ ವರ್ಷದ ಕೊನೆಗೆ ಅದು ಜೋಹಾನ್ಸ್‌ಬರ್ಗಿನ ವಿಟ್ಸ್ ಕಲಾ ಮ್ಯೂಸಿಯಂ ತಲುಪಿತು. ಹಿಂತಿರುಗಿ ನೋಡಿ ಲೆಕ್ಕ ಹಾಕುವುದಕ್ಕೆ ಇದು ಸಕಾಲ.

ಎಸ್ತರ್ ಅವರ ಸಾಧನೆಯ ಬಗ್ಗೆ ಅನುಮಾನಪಡುವವರು ಇಂದು ಯಾರೂ ಇಲ್ಲ. ಆದರೆ ಆ ಸಾಧನೆ ನಿಖರವಾಗಿ ಯಾವುದು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ತೀರ ಸುಲಭದ್ದು: ಹಳ್ಳಿಯ ಹೆಣ್ಣುಮಗಳೊಬ್ಬಳನ್ನು ಪ್ಯಾರಿಸ್ ಗುರುತಿಸಿತು, ಕಾರಿನ ಕಂಪನಿ ಕೈಹಿಡಿಯಿತು, ಜಗತ್ತು ಮೆಚ್ಚಿತು. ಈ ಕಥೆಯಲ್ಲಿ ಎಲ್ಲವನ್ನೂ ಮಾಡಿದವರು ಬೇರೆಯವರೇ. ಎಸ್ತರ್ ಬರೀ ಪಡೆದುಕೊಂಡವರು. ನಡೆದದ್ದು ಬೇರೆ. ಯಾರ ಹೆಸರೂ ಇಲ್ಲದೆ, ಮಳೆಗೆ ಕರಗಿ ಮತ್ತೆ ಮತ್ತೆ ಹೊಸದಾಗುತ್ತಿದ್ದ ಹೆಂಗಸರ ಕಲೆಯೊಂದನ್ನು ಅವರು ಹೆಸರಿನ ಮೇಲೇ ನಡೆಯುವ ಮಾರುಕಟ್ಟೆಯ ನಡುವೆ ತಂದು ನಿಲ್ಲಿಸಿದರು, ಅದರ ಜಾಯಮಾನವನ್ನೂ ಕೆಡಗೊಡಲಿಲ್ಲ. ಇದು ಅವರ ಗೆಲುವು. ಇನ್ನೂ ಸಂದಾಯವಾಗದ ಒಂದು ಬಾಕಿಯೂ ಇದೆ. ಅದನ್ನು ತೀರಿಸಬೇಕಾದವರು ಅವರನ್ನು ಮೆರೆಸಿದವರು.

ಎಸ್ತರ್ ಎನ್‌ಡೆಬೆಲೆ ಸಮುದಾಯದವರು. ದಕ್ಷಿಣ ಆಫ್ರಿಕಾದ 2011ರ ಜನಗಣತಿಯಲ್ಲಿ ಎನ್‌ಡೆಬೆಲೆಯನ್ನು ಮನೆಮಾತೆಂದು ಬರೆಸಿದವರು ಸುಮಾರು 11 ಲಕ್ಷ. ಒಂದು ಸಣ್ಣ ಜನಾಂಗ. ಇವರ ಗೋಡೆಚಿತ್ರಗಳನ್ನು ನೋಡಿದವರು ಅನಾದಿ ಕಾಲದ ಸಂಪ್ರದಾಯ ಎಂದುಕೊಳ್ಳುವುದು ಸಹಜ. ಆದರೆ ಇಂದು ನಾವು ಕಾಣುವ ಬಹುವರ್ಣದ ಈ ಶೈಲಿ ಬೆಳೆದದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ಒಂದು ಸೋಲಿನ ನೆರಳಿನಲ್ಲಿ. 1882-83ರಲ್ಲಿ ಡಚ್ ಮೂಲದ ಬಿಳಿಯ ವಲಸಿಗರಾದ ಬೋಅರರ ಟ್ರಾನ್ಸ್‌ವಾಲ್ ಗಣರಾಜ್ಯವು ಎನ್‌ಡ್ಜುಂಡ್ಜಾ ಶಾಖೆಯ ಎನ್‌ಡೆಬೆಲೆಯರ ಮೇಲೆ ಯುದ್ಧ ಹೂಡಿತು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಹಸಿವಿನಿಂದ ಕಂಗೆಡಿಸಿ, ಅರಸ ನ್ಯಾಬೆಲಾ ಶರಣಾಗುವಂತೆ ಮಾಡಿತು. ಅರಸ ಸೆರೆಮನೆ ಸೇರಿದ. ಜಮೀನು ಗೆದ್ದವರ ಪಾಲಾಯಿತು. ಜನರನ್ನು ಕುಟುಂಬ ಕುಟುಂಬವಾಗಿ ಬೋಅರ್ ರೈತರಿಗೆ ಹಂಚಿ ಐದು ವರ್ಷದ ಜೀತಕ್ಕೆ ಕಟ್ಟಲಾಯಿತು.

ಊರು ಒಡೆದು ಚೆಲ್ಲಾಪಿಲ್ಲಿಯಾದ ಜನ ಬೇರೆ ಬೇರೆ ಫಾರ್ಮುಗಳಲ್ಲಿ ಮತ್ತೆ ಮನೆ ಕಟ್ಟಿಕೊಂಡರು. ನೆರೆಯ ಪೇಡಿ ಜನರ ಗೋಡೆ ಕೆಲಸದ ಪ್ರಭಾವವೂ ಬಿತ್ತು. ಆ ಮಣ್ಣಿನ ಗೋಡೆಗಳ ಮೇಲೆ ಹೆಂಗಸರು ಹೊಸ ಬಗೆಯ ಚಿತ್ತಾರ ಬಿಡಿಸಲು ತೊಡಗಿದರು. ಮನೆ ನೋಡಿದರೆ ಸಾಕು, ಇಲ್ಲಿರುವವರು ಎನ್‌ಡೆಬೆಲೆಯರು ಎಂದು ದೂರದಿಂದಲೇ ತಿಳಿಯುತ್ತಿತ್ತು. ಆ ಆಕಾರಗಳು ಪರಸ್ಪರ ಸುದ್ದಿ ಮುಟ್ಟಿಸುವ ಗುಪ್ತ ಲಿಪಿಯಾಗಿದ್ದವು ಎಂಬ ರೋಚಕ ಕಥೆ ಪ್ರವಾಸಿ ಪುಸ್ತಕಗಳಲ್ಲಿ ಓಡಾಡುತ್ತದೆ. ಸಂಶೋಧಕರೆಲ್ಲ ಅದನ್ನು ಒಪ್ಪುವುದಿಲ್ಲ. ಗುಪ್ತ ಲಿಪಿ ಇತ್ತೋ ಇಲ್ಲವೋ, ಗುಟ್ಟಿಲ್ಲದ ಸಂದೇಶವೊಂದಂತೂ ಆ ಗೋಡೆಗಳ ಮೇಲಿತ್ತು. ನೆಲ ಕಳೆದುಕೊಂಡವರು ತಾವು ಇನ್ನೂ ಇದ್ದೇವೆಂದು ಅಲ್ಲಿ ಬರೆದಿದ್ದರು.

ಗೋಡೆ ಕಟ್ಟುವುದು ಗಂಡಸರ ಕೆಲಸ. ಸಾರಣೆ, ಕಾರಣೆ, ಚಿತ್ತಾರ ಎಲ್ಲ ಹೆಂಗಸರ ಪಾಲು. ಸಗಣಿ ಮಣ್ಣು ಕಲಸಿ ಬರಿಗೈಯಲ್ಲಿ ಗೋಡೆ ಮೆತ್ತಿ, ಒಣಗಿದ ಮೇಲೆ ಸುಣ್ಣ, ಕೆಮ್ಮಣ್ಣು, ಹಳದಿ ಜೇಡಿ, ಮಸಿ ಬಳಸುವುದು ಹಳೆಯ ಕ್ರಮ. ಅಂಗಡಿಯಲ್ಲಿ ಸಿಗುವ, ಬಟ್ಟೆಗೆ ಹಾಕುವ ನೀಲಿಯೂ ಬಣ್ಣದ ಬಟ್ಟಲಿಗೆ ಬಂತು. 1940ರ ದಶಕದ ಹೊತ್ತಿಗೆ ಕಾರ್ಖಾನೆಯ ಬಣ್ಣಗಳು ಹಳ್ಳಿಗಳಿಗೆ ಕಾಲಿಟ್ಟವು. ಹುಡುಗರನ್ನು ಗಂಡಸರ ಸಾಲಿಗೆ ಸೇರಿಸುವ ದೀಕ್ಷೆಯ ಆಚರಣೆ ಬಂತೆಂದರೆ ತಾಯಂದಿರು ಮನೆಗೆ ಹೊಸ ಸಾರಣೆ ಮಾಡಿ ಹೊಸ ಚಿತ್ತಾರ ಬಿಡಿಸಬೇಕು. ಮಳೆ ಬಂದರೆ ಅದು ತೊಳೆದುಹೋಗುತ್ತದೆ, ಮತ್ತೆ ಬಿಡಿಸಬೇಕು. ಮಣಿಕೆಲಸದ ಮುಂಸೆರಗುಗಳಲ್ಲಿರುವ ಆಕಾರಗಳೇ ದೊಡ್ಡದಾಗಿ ಗೋಡೆಗೆ ಬರುತ್ತವೆ. ಜೊತೆಗೆ ಕಣ್ಣಿಗೆ ಬಿದ್ದ ಹೊಸ ವಸ್ತುಗಳೂ ಸೇರುತ್ತವೆ: ಕ್ಷೌರದ ಬ್ಲೇಡು, ಮೆಟ್ಟಿಲು, ವಿಮಾನ, ವಿದ್ಯುತ್ ದೀಪ. ನಗರದ ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದ ಹೆಂಗಸರು ಅಲ್ಲಿ ಕಂಡ ದೀಪವನ್ನು ಕರೆಂಟಿಲ್ಲದ ತಮ್ಮ ಮನೆಯ ಗೋಡೆಗೆ ತಂದರು. ಇಂಥ ಕಲೆಯನ್ನು ಕಾಲಾತೀತ ಎಂದು ಕರೆದರೆ ಅದರ ಅರ್ಧ ಚುರುಕುತನವನ್ನೇ ಕಾಣದೆ ಹೋದಂತೆ.

ಈ ಕಲೆಯನ್ನು ಎಸ್ತರ್ ಕಲಿತದ್ದು ತಾಯಿ ಮತ್ತು ಅಜ್ಜಿಯ ಪಕ್ಕದಲ್ಲಿ ಕೂತು. ಅವರೇ ಹಲವು ಬಾರಿ ಹೇಳಿಕೊಂಡಿರುವ ಪ್ರಸಂಗ ಇದು. ಹಿರಿಯರು ಊಟದ ವಿರಾಮಕ್ಕೆಂದು ಒಳಗೆ ಹೋದಾಗ ಹುಡುಗಿ ಮುಂಭಾಗದ ಗೋಡೆಯ ಮೇಲೆ ತನ್ನ ಕೈಚಳಕ ತೋರಿಸಿಬಿಡುತ್ತಿದ್ದಳು. ವಾಪಸು ಬಂದವರು ಗದರುತ್ತಿದ್ದರು. ಕೊನೆಗೆ ಹಿತ್ತಿಲ ಗೋಡೆಯನ್ನು ಅವಳಿಗೆ ಬಿಟ್ಟುಕೊಟ್ಟರು. ಅಲ್ಲಿ ಯಾರ ಕಣ್ಣಿಗೂ ಬೀಳದಂತೆ ಬಿಡಿಸಿ, ಅಳಿಸಿ, ತಿದ್ದಿ ಅಭ್ಯಾಸ ನಡೆಯಿತು. ಕೈ ಹದಕ್ಕೆ ಬಂದಿದೆ ಎನ್ನಿಸಿದ ದಿನ ಅವರೇ ಅವಳನ್ನು ಮುಂಭಾಗಕ್ಕೆ ಕರೆದರು. ಕೇಪ್‌ಟೌನ್ ಪ್ರದರ್ಶನಕ್ಕೆ ಇಟ್ಟ ಹೆಸರು ಆ ಗಳಿಗೆಯ ಮಾತೇ: ‘ಆಗ ನನಗೆ ಗೊತ್ತಾಯಿತು, ನನಗೆ ಚೆನ್ನಾಗಿ ಬಣ್ಣ ಹಚ್ಚಲು ಬರುತ್ತದೆಂದು’. ಗುಣ ಅಳೆಯಲು ತಿಳಿದಿದ್ದ, ಕೆಟ್ಟದ್ದನ್ನು ಕೆಟ್ಟದೆಂದು ಹೇಳಬಲ್ಲ ವಿಮರ್ಶಕರು ಆ ಮನೆಯಲ್ಲೇ ಇದ್ದರು. ಪ್ಯಾರಿಸ್ಸಿನವರು ಮೆಚ್ಚುವುದಕ್ಕೆ ನಾಲ್ಕು ದಶಕ ಮೊದಲೇ ಎಸ್ತರ್ ತೇರ್ಗಡೆಯಾಗಿದ್ದರು.

ಇಲ್ಲಿಂದ ಮುಂದಿನ ಅಧ್ಯಾಯ ಅಷ್ಟು ಹಿತವಾದುದಲ್ಲ. ವರ್ಣಭೇದದ ಸರ್ಕಾರಕ್ಕೆ ಎನ್‌ಡೆಬೆಲೆ ಗೋಡೆಗಳು ಬಹಳ ಇಷ್ಟವಾಗಿದ್ದವು. ಕರಿಯರು ತಂತಮ್ಮ ಬುಡಕಟ್ಟಿನ ಬಣ್ಣದಲ್ಲಿ, ತಂತಮ್ಮ ಬೇಲಿಯೊಳಗೆ ಸುಖವಾಗಿದ್ದಾರೆ ಎಂದು ತೋರಿಸಲು ಅವಕ್ಕಿಂತ ಚಂದದ ಚಿತ್ರ ಸಿಗುತ್ತಿರಲಿಲ್ಲ. ಪ್ರಿಟೋರಿಯಾ ಬಳಿ ಮ್ಸಿಜಾ ಮನೆತನದವರು ನೆಲೆಸಿದ್ದ ಬಣ್ಣದ ಹಳ್ಳಿಯನ್ನು ವಾಸ್ತುಶಿಲ್ಪಿ ಎ.ಎಲ್. ಮೈರಿಂಗ್ 1940ರ ದಶಕದಲ್ಲಿ ದಾಖಲಿಸಿದ್ದರು. 1950ರ ದಶಕದಲ್ಲಿ ಆ ಜನರನ್ನು ಎಬ್ಬಿಸಿ ಬೇರೆಡೆ ಕೂರಿಸಲಾಯಿತು. ಹೊಸ ಜಾಗ ಪ್ರವಾಸಿಗರ ತಾಣವಾಯಿತು. ಗೋಡೆ ಬಣ್ಣಬಣ್ಣವಾಗಿರಲಿ, ಮನೆಯವರು ಮಾತ್ರ ಹೇಳಿದಲ್ಲಿ ಇರಲಿ ಎಂಬುದು ಆಳುವವರ ಧೋರಣೆ.

ಎಸ್ತರ್ ಕೂಡ ಈ ಏರ್ಪಾಟಿನ ಹೊರಗಿರಲಿಲ್ಲ. 1980ರಿಂದ 1991ರವರೆಗೆ ಅವರು ಮಿಡಲ್‌ಬರ್ಗ್ ಬಳಿಯ ಬೊಟ್ಶಬೆಲೊದಲ್ಲಿದ್ದರು. ಹಿಂದೆ ಜರ್ಮನ್ ಮಿಷನರಿಗಳ ಕೇಂದ್ರವಾಗಿದ್ದ ಆ ಸ್ಥಳದಲ್ಲಿ ಎನ್‌ಡೆಬೆಲೆ ಸಂಸ್ಕೃತಿಯ ಬಯಲು ವಸ್ತುಸಂಗ್ರಹಾಲಯವೊಂದಿತ್ತು. ಅಲ್ಲಿ ಮನೆ ಇತ್ತು, ಗೋಡೆ ಇತ್ತು, ಬಣ್ಣ ಹಚ್ಚುವ ಹೆಂಗಸರೂ ಇದ್ದರು. ನೋಡುವವರು ಬಂದು ನೋಡಿ ಹೋಗುತ್ತಿದ್ದರು. ಇದನ್ನು ಶೋಷಣೆ ಎಂದೊಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಸಂಬಳ ತರುವ ಕೆಲಸ ಅದಾಗಿತ್ತು ಎಂಬುದೂ ನಿಜ, ಹತ್ತು ವರ್ಷ ಎಡೆಬಿಡದೆ ಬಣ್ಣ ಹಚ್ಚುವ ಅವಕಾಶ ಅಲ್ಲಿ ಸಿಕ್ಕಿತು ಎಂಬುದೂ ನಿಜ. ಆದರೆ ಕಲಾವಿದೆಯನ್ನು ಪ್ರದರ್ಶನದ ವಸ್ತುವಿನ ಜೊತೆಗೇ ಪ್ರದರ್ಶನಕ್ಕಿಡುವ ಚಾಳಿ ಆಗ ಶುರುವಾದದ್ದು, ಮುಂದೆ ಎಷ್ಟೋ ದೊಡ್ಡ ನಗರಗಳಲ್ಲೂ ಅವರನ್ನು ಹಿಂಬಾಲಿಸಿತು.

ಅದೇ ದಶಕದಲ್ಲಿ ಅವರ ಊರಿನ ಸೀಮೆ ಹೇಗಿತ್ತು? ಕರಿಯರನ್ನು ಬೇರೆಯಾಗಿಡಲು ಕ್ವಾಎನ್‌ಡೆಬೆಲೆ ಎಂಬ ‘ಹೋಮ್‌ಲ್ಯಾಂಡ್’ ಅನ್ನು ಸರ್ಕಾರ ಹುಟ್ಟುಹಾಕಿ 1981ರಲ್ಲಿ ಅದಕ್ಕೆ ಸ್ವಯಂ ಆಡಳಿತದ ಪಟ್ಟ ಕಟ್ಟಿತ್ತು. ಉದ್ಯೋಗ ಅಲ್ಲಿರಲಿಲ್ಲ. ಕೆಲಸ ಇದ್ದದ್ದು ಪ್ರಿಟೋರಿಯಾದಲ್ಲಿ. ನಡುರಾತ್ರಿ ಕಳೆಯುತ್ತಲೇ ಎದ್ದು ಬಸ್ ಹಿಡಿದು, ಗಂಟೆಗಟ್ಟಲೆ ಕುಲುಕಾಡುತ್ತ, ನಿಂತೇ ತೂಕಡಿಸುತ್ತ ದುಡಿಮೆಗೆ ಹೋಗುತ್ತಿದ್ದವರನ್ನು ಛಾಯಾಗ್ರಾಹಕ ಡೇವಿಡ್ ಗೋಲ್ಡ್‌ಬ್ಲಾಟ್ ಚಿತ್ರಿಸಿದರು. ಆ ಕಪ್ಪುಬಿಳುಪು ಚಿತ್ರಗಳ ಪುಸ್ತಕ 1989ರಲ್ಲಿ ಬಂತು. 1986ರಲ್ಲಿ ಈ ಸೀಮೆಯನ್ನು ‘ಸ್ವತಂತ್ರ ದೇಶ’ ಎಂದು ಘೋಷಿಸುವ ನಾಟಕಕ್ಕೆ ಜನ ತಿರುಗಿಬಿದ್ದರು, ರಕ್ತ ಹರಿಯಿತು, ಯೋಜನೆಯನ್ನು ಕೈಬಿಡಲಾಯಿತು. 1984ರ ಅಲ್ಲಿನ ಚುನಾವಣೆಯಲ್ಲಿ ಹೆಂಗಸರಿಗೆ ಮತದಾನದ ಹಕ್ಕೇ ಇರಲಿಲ್ಲ. ಅವರು ಕೋರ್ಟು ಮೆಟ್ಟಿಲು ಹತ್ತಿ 1988ರಲ್ಲಿ ಗೆದ್ದರು. ಯಾರ ಚಿತ್ತಾರ ಇಡೀ ಜನಾಂಗದ ಗುರುತಾಗಿತ್ತೋ ಅವರಿಗೇ ಆ ಸೀಮೆಯಲ್ಲಿ ಓಟಿರಲಿಲ್ಲ. ಎಸ್ತರ್ ಅವರ ಬಣ್ಣಗಳನ್ನು ಬರೀ ಉಲ್ಲಾಸದ ಬಣ್ಣಗಳೆಂದು ಓದುವವರು ಈ ಹಿನ್ನೆಲೆಯನ್ನು ಪಕ್ಕಕ್ಕೆ ಸರಿಸಿರುತ್ತಾರೆ.

1986ರಲ್ಲಿ ಫ್ರಾನ್ಸಿನಿಂದ ಬಂದ ಅಧ್ಯಯನಕಾರರು ಎಸ್ತರ್ ಅವರ ಗೋಡೆಗಳನ್ನು ಕಂಡರು. ಮೂರು ವರ್ಷಗಳ ನಂತರ ಪ್ಯಾರಿಸ್ಸಿನಿಂದ ಕರೆ ಬಂತು. ಜಾನ್-ಹ್ಯೂಬರ್ ಮಾರ್ಟಿನ್ ರೂಪಿಸಿದ ‘ಭೂಮಿಯ ಮಾಂತ್ರಿಕರು’ ಪ್ರದರ್ಶನ 1989ರಲ್ಲಿ ಪಾಂಪಿದೂ ಕೇಂದ್ರ ಮತ್ತು ಲಾ ವಿಲೆತ್ ಸಭಾಂಗಣಗಳಲ್ಲಿ ನಡೆಯಿತು. ಪಶ್ಚಿಮದ ಮತ್ತು ಉಳಿದ ಜಗತ್ತಿನ ಸುಮಾರು ನೂರು ಕಲಾವಿದರನ್ನು ಸರಿಸಮ ಪಾಲಿನಲ್ಲಿ ಒಂದೇ ಸೂರಿನಡಿ ತರುವ ಸಾಹಸ ಅದು. ಭಾರತದಿಂದ ಮಧುಬನಿಯ ಬವುವಾ ದೇವಿ, ವಾರ್ಲಿಯ ಜೀವ್ಯಾ ಸೋಮ ಮಶೆ, ಗೊಂಡ ಕಲಾವಿದ ಜನಗಢ್ ಸಿಂಗ್ ಶ್ಯಾಮ್ ಹೋಗಿದ್ದರು. ಎಸ್ತರ್ ತಮ್ಮ ಮನೆಯ ಪ್ರತಿಕೃತಿಯನ್ನು ಅಲ್ಲಿ ನಿಲ್ಲಿಸಿ, ಬಂದವರ ಕಣ್ಣೆದುರಿಗೇ ಅದರ ಗೋಡೆಗಳಿಗೆ ಬಣ್ಣ ಹಚ್ಚಿದರು. ನಲವತ್ತರ ನಂತರವೂ ಊರ ಹೊರಗೆ ಹೆಚ್ಚು ಪರಿಚಿತರಲ್ಲದ ಈ ಹೆಣ್ಣುಮಗಳಿಗೆ ಆಗ ಐವತ್ತಮೂರು.

ಆ ಪ್ರದರ್ಶನದ ಬಗ್ಗೆ ಎದ್ದ ಜಗಳ ಇನ್ನೂ ತಣ್ಣಗಾಗಿಲ್ಲ. ಪಶ್ಚಿಮದವರನ್ನು ಚಿಂತಕರೆಂದೂ ಉಳಿದವರನ್ನು ಮಾಂತ್ರಿಕರೆಂದೂ ಬಿಂಬಿಸಲಾಯಿತು ಎಂಬುದು ಆಕ್ಷೇಪದ ತಿರುಳು. ಅದರಲ್ಲಿ ಹುರುಳಿದೆ. ಮನೆಯೊಂದನ್ನು ಅದರ ಊರಿನಿಂದ ಕಿತ್ತು ಸಭಾಂಗಣದಲ್ಲಿಟ್ಟರೆ ಅದು ಮತ್ತೆ ಬೊಟ್ಶಬೆಲೊ ಆಗುತ್ತದೆ, ಟಿಕೆಟ್ಟಿನ ದರ ಮಾತ್ರ ಬೇರೆ. ಜೊತೆಗೆ, ಇಂಥ ಏಕಾಏಕಿ ಖ್ಯಾತಿ ಎಲ್ಲರಿಗೂ ಒಲಿಯುವುದಿಲ್ಲ. ಅದೇ ಪ್ರದರ್ಶನದಲ್ಲಿದ್ದ ಜನಗಢ್ 2001ರಲ್ಲಿ ಜಪಾನಿನ ಮ್ಯೂಸಿಯಂ ಒಂದರಲ್ಲಿ ಕೆಲಸ ಮಾಡುತ್ತಿದ್ದಾಗ, ತಮ್ಮವರಿಂದ ದೂರದಲ್ಲಿ, ತಾವೇ ಪ್ರಾಣ ಕಳೆದುಕೊಂಡರು. ಎಸ್ತರ್ ಹೋದ ಕಡೆಯೆಲ್ಲ ಕೆಲಸ ಮುಗಿಸಿ ಮನೆಗೆ ಹಿಂತಿರುಗಿದರು. ಪ್ಯಾರಿಸ್ಸಿನಲ್ಲೋ ಜೋಹಾನ್ಸ್‌ಬರ್ಗಿನಲ್ಲೋ ನೆಲೆ ಮಾಡಿಕೊಳ್ಳದೆ, ಈಗಿನ ಮ್ಪುಮಲಾಂಗ ಪ್ರಾಂತ್ಯದ ತಮ್ಮ ಹಳ್ಳಿಯ ಅಂಗಳವನ್ನೇ ಸ್ಟುಡಿಯೊ ಮಾಡಿಕೊಂಡರು. ಈ ನಿರ್ಧಾರದಲ್ಲಿ ದೊಡ್ಡ ವಿವೇಕವಿತ್ತು.

ಪ್ಯಾರಿಸ್ ಆದ ಎರಡು ವರ್ಷಕ್ಕೆ ಬಿಎಂಡಬ್ಲ್ಯು ಕಂಪನಿ ತನ್ನ ಕಲಾ ಕಾರುಗಳ ಸರಣಿಗೆ ಅವರನ್ನು ಆರಿಸಿತು. 1975ರಲ್ಲಿ ಅಲೆಕ್ಸಾಂಡರ್ ಕಾಲ್ಡರ್ ಅವರಿಂದ ಶುರುವಾಗಿ ಫ್ರಾಂಕ್ ಸ್ಟೆಲ್ಲಾ, ರಾಯ್ ಲಿಕ್ಟನ್‌ಸ್ಟೈನ್, ಆಂಡಿ ವಾರ್ಹೋಲ್ ಮುಂತಾದವರ ಕೈ ದಾಟಿ ಬಂದ ಆ ಸರಣಿಯಲ್ಲಿ ಎಸ್ತರ್ ಅವರದು 12ನೆಯ ಕಾರು. ಅದುವರೆಗಿನ ಹನ್ನೊಂದೂ ಗಂಡಸರವು. ಮೊದಲ ಮಹಿಳೆ ಇವರು, ಮೊದಲ ಆಫ್ರಿಕನ್ನರೂ ಇವರೇ. ವಾರ್ಹೋಲ್ 1979ರಲ್ಲಿ ತಮ್ಮ ಕಾರಿಗೆ ಅರ್ಧ ಗಂಟೆಯೊಳಗೆ ಬಣ್ಣ ಬಳಿದು ಕೈ ತೊಳೆದುಕೊಂಡಿದ್ದರು. ಎಸ್ತರ್ ಮೊದಲು ಒಂದು ಬಾಗಿಲನ್ನು ಬಿಡಿಯಾಗಿ ತೆಗೆದುಕೊಂಡು ಅದರ ಮೇಲೆ ಕೈ ನೋಡಿಕೊಂಡರು. ಮಣ್ಣಿನ ಗೋಡೆ ಬಣ್ಣವನ್ನು ಹೀರುತ್ತದೆ, ಲೋಹ ಹೀರುವುದಿಲ್ಲ; ಗೋಡೆ ಚಪ್ಪಟೆ, ಕಾರಿನ ಮೈ ಎಲ್ಲೆಡೆ ಬಾಗುತ್ತದೆ. ಬಾಗಿದ ಮೈಮೇಲೆ ನೇರವಾಗಿ ಕಾಣುವ ಗೆರೆ ಎಳೆಯುವುದು ಹೊಸ ಸಮಸ್ಯೆ. ಹಿತ್ತಿಲ ಗೋಡೆಯಲ್ಲಿ ಕಲಿತ ಶಿಸ್ತು ಇಲ್ಲಿ ಕೆಲಸಕ್ಕೆ ಬಂತು.

ಆ 525ಐ ಕಾರು ಸಿದ್ಧವಾದ 1991, ವರ್ಣಭೇದದ ಬುಡದ ಕಾನೂನುಗಳು ಒಂದೊಂದಾಗಿ ರದ್ದಾಗುತ್ತಿದ್ದ ವರ್ಷ. ಹುಟ್ಟಿದ ಮಗುವನ್ನು ಚರ್ಮದ ಬಣ್ಣದಿಂದ ವಿಂಗಡಿಸುತ್ತಿದ್ದ ಜನಸಂಖ್ಯಾ ನೋಂದಣಿ ಕಾಯಿದೆ ಆ ಜೂನಿನಲ್ಲಿ ಹೋಯಿತು, ಕರಿಯರ ಜಮೀನನ್ನು ಕಿತ್ತುಕೊಂಡ ಭೂ ಕಾಯಿದೆಗಳೂ ಹೋದವು. ಹೊಸ ದಕ್ಷಿಣ ಆಫ್ರಿಕಾಕ್ಕೆ ಒಂದು ಹೊಸ ಚಿತ್ರ ಬೇಕಾಗಿತ್ತು, ಕಂಪನಿಗಳಿಗೂ ಬೇಕಾಗಿತ್ತು. ಎಸ್ತರ್ ಅವರ ಕಾರು ಆ ಹೊತ್ತಿಗೆ ಹೇಳಿ ಮಾಡಿಸಿದಂತಿತ್ತು. 1994ರಲ್ಲಿ ಅದು ವಾಷಿಂಗ್ಟನ್ನಿನ ಮಹಿಳಾ ಕಲಾ ರಾಷ್ಟ್ರೀಯ ಮ್ಯೂಸಿಯಂನಲ್ಲಿ, 2016ರಲ್ಲಿ ದಕ್ಷಿಣ ಆಫ್ರಿಕಾದ ಕಲೆ ಕುರಿತ ಪ್ರದರ್ಶನದ ಅಂಗವಾಗಿ ಬ್ರಿಟಿಷ್ ಮ್ಯೂಸಿಯಂನಲ್ಲಿ ನಿಂತಿತು. ತನ್ನ ದೇಶಕ್ಕೆ ಮರಳಿದ್ದು ಮಾತ್ರ ಮೂರು ದಶಕ ದಾಟಿದ ಮೇಲೆ, ಕೇಪ್‌ಟೌನ್ ಪ್ರದರ್ಶನಕ್ಕೆ.

ಕಾರಿನ ಗದ್ದಲದಲ್ಲಿ ಹಿಂದೆ ಸರಿಯುವುದು ಅವರ ಕ್ಯಾನ್ವಾಸುಗಳು. ನಿಜವಾದ ಕಸುಬು ಕಾಣುವುದು ಅಲ್ಲಿಯೇ. ಸ್ಕೆಚ್ ಇಲ್ಲ, ಸ್ಕೇಲ್ ಇಲ್ಲ, ಅಂಟುಪಟ್ಟಿ ಇಲ್ಲ. ಗರಿಯ ತುದಿ ಬಣ್ಣದಲ್ಲಿ ಅದ್ದಿ, ಒಂದೇ ಉಸಿರಿನಲ್ಲಿ ಗೆರೆ ಎಳೆಯುತ್ತಾರೆ. ಆಕಾರಗಳಿಗೆ ಕಪ್ಪು ಅಂಚು, ಅದರ ಸುತ್ತ ಬಿಳಿಯ ಬಿಡುವು, ಒಳಗೆ ತುಂಬಿದ ನೀಲಿ, ಹಳದಿ, ಗುಲಾಬಿ, ಹಸಿರು. ಎಡಭಾಗದಲ್ಲಿ ಬಂದದ್ದು ಬಲಭಾಗದಲ್ಲಿ ಕನ್ನಡಿಯಲ್ಲಿ ಕಂಡಂತೆ ಮರಳುತ್ತದೆ. ದೂರದಿಂದ ನೋಡಿದರೆ ಯಂತ್ರ ಅಚ್ಚು ಹಾಕಿದಷ್ಟು ಕರಾರುವಾಕ್ಕು. ಹತ್ತಿರ ಹೋದರೆ ಗೆರೆ ಎಲ್ಲೋ ತುಸು ದಪ್ಪವಾಗಿರುತ್ತದೆ, ಎಲ್ಲೋ ಗರಿ ಮತ್ತೆ ಬಣ್ಣ ತೆಗೆದುಕೊಂಡ ಜಾಗ ಕಾಣುತ್ತದೆ, ಎರಡು ಪಕ್ಕಗಳು ಕೂದಲೆಳೆಯಷ್ಟು ಬೇರೆಯಾಗಿರುತ್ತವೆ. ಕಣ್ಣಂದಾಜಿನ ಮೇಲಷ್ಟೇ ನಿಂತ ಈ ಸಮತೋಲನಕ್ಕೆ ಸ್ಕೇಲಿನ ನೆರವಿನಿಂದ ಬಾರದ ಜೀವಂತಿಕೆಯಿದೆ. ಮೂಲೆಯಲ್ಲಿ ಅವರ ಹೆಸರು, ಇಸವಿ. ಗೋಡೆಗೆ ಎಂದೂ ಇರದಿದ್ದ ಗುರುತು ಅದು.

ಈ ಚಿತ್ರಗಳನ್ನು ಕಂಡ ಪಶ್ಚಿಮದ ವಿಮರ್ಶಕರಿಗೆ ಡಚ್ ಅಮೂರ್ತ ಕಲಾವಿದ ಮಾಂಡ್ರಿಯನ್ ನೆನಪಾಗುವುದುಂಟು. ಹೋಲಿಕೆ ಹೊರಗಣ್ಣಿಗೆ ಸರಿ, ಒಳಗೆ ಪೊಳ್ಳು. ಮಾಂಡ್ರಿಯನ್ ಮರ, ಸಮುದ್ರ, ಕಟ್ಟಡಗಳಿಂದ ಶುರುಮಾಡಿ ಒಂದೊಂದನ್ನೇ ಕಳಚುತ್ತ ಬರಿಯ ಗೆರೆಗೆ ಬಂದು ಸೇರಿದರು. ಎಸ್ತರ್ ಅವರಿಗೆ ಗೆರೆ ಅಜ್ಜಿಯಿಂದ ಬಂದ ಆಸ್ತಿ. ಅವರು ಅದರೊಳಗೆ ಬ್ಲೇಡು, ಮೆಟ್ಟಿಲು, ಮನೆಗಳನ್ನು ತುಂಬುತ್ತ ಹೋದರು. ಅಮೂರ್ತ ಕಲೆಯ ಇತಿಹಾಸಕ್ಕೆ ಯುರೋಪಿನ ಒಂದೇ ಹೆದ್ದಾರಿ ಎಂದು ನಂಬಿದವರಿಗೆ ಅವರ ಕೆಲಸ ಕೊಟ್ಟ ಉತ್ತರ ಗಟ್ಟಿಯಾದದ್ದು. ಕರಕುಶಲ, ಜನಪದ ಎಂಬ ಕೋಣೆಗಳಲ್ಲಿ ಕೂಡಿಟ್ಟಿದ್ದ ಹೆಂಗಸರ ಕೆಲಸವನ್ನು ಕಲೆಯ ನಡುಮನೆಗೆ ತಂದ ಶ್ರೇಯಸ್ಸಿನಲ್ಲಿ ಅವರಿಗೆ ದೊಡ್ಡ ಪಾಲು ಸಲ್ಲಬೇಕು.

ಮನ್ನಣೆಗಳ ಪಟ್ಟಿಯನ್ನು ಬೇಗ ದಾಟೋಣ. 2006ರಲ್ಲಿ ದಕ್ಷಿಣ ಆಫ್ರಿಕಾ ಸರ್ಕಾರ ರಜತ ದರ್ಜೆಯ ‘ಇಖಮಾಂಗ’ ಪದಕ ನೀಡಿತು. 2018ರಲ್ಲಿ ಜೋಹಾನ್ಸ್‌ಬರ್ಗ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಕಂಪನಿಗಳ ಸಾಲು ಇದಕ್ಕಿಂತ ಉದ್ದ: ಫಿಯಟ್ 500 ಕಾರು, ಏಡ್ಸ್ ನಿಧಿಗೆ ಹಣ ಕೂಡಿಸಲೆಂದು 2016ರಲ್ಲಿ ಬಂದ ಬೆಲ್ವೆಡೇರ್ ವೋಡ್ಕಾ ಬಾಟಲಿ, ಅದೇ ವರ್ಷ ಬಿಎಂಡಬ್ಲ್ಯು 7 ಸರಣಿಯ ಒಳಾಂಗಣ, 2020ರಲ್ಲಿ ಅವರ ಹೆಸರನ್ನೇ ಹೊತ್ತ ರೋಲ್ಸ್‌ರಾಯ್ಸ್ ಫ್ಯಾಂಟಮ್. 2024ರಲ್ಲಿ ಬಿಎಂಡಬ್ಲ್ಯು ಎಲೆಕ್ಟ್ರಾನಿಕ್ ಶಾಯಿಯ ಹಾಳೆ ಹೊದಿಸಿದ ಕಾರೊಂದರ ಮೈಮೇಲೆ ಅವರ ವಿನ್ಯಾಸಗಳಿಂದ ಸ್ಫೂರ್ತಿ ಪಡೆದ ಆಕಾರಗಳು ಬದಲಾಗುತ್ತ ಓಡುವಂತೆ ಮಾಡಿತು.

ಇಲ್ಲಿ ವಿಮರ್ಶೆಯ ಒಂದೆರಡು ಮಾತು ಹೇಳದೆ ಮುಂದೆ ಹೋದರೆ ಸಿಂಹಾವಲೋಕನ ಸನ್ಮಾನಪತ್ರವಾಗುತ್ತದೆ. ಮೊದಲ ಆಕ್ಷೇಪ: ಮೂರು ದಶಕಗಳ ಕ್ಯಾನ್ವಾಸುಗಳಲ್ಲಿ ಪುನರಾವರ್ತನೆ ಬಹಳ. ಇದು ಸುಳ್ಳಲ್ಲ. ಆದರೆ ಪ್ರತಿ ಸಲವೂ ಹಿಂದಿನದನ್ನು ಮುರಿಯಬೇಕು ಎಂಬುದು ಒಂದು ಪರಂಪರೆಯ ನಿಯಮ ಮಾತ್ರ. ಮಳೆಗಾಲ ಕಳೆದ ಮೇಲೆ ಅದೇ ಗೋಡೆಯನ್ನು ಹೊಸದಾಗಿ ಬಿಡಿಸುವ ಪರಂಪರೆಯಲ್ಲಿ ಹೊಸತನ ಇರುವುದು ಸಣ್ಣ ಬದಲಾವಣೆಗಳಲ್ಲಿ. ಒಂದು ಬಣ್ಣದ ಪಕ್ಕ ಯಾವ ಬಣ್ಣ ಎಂಬ ಆಯ್ಕೆಯಲ್ಲಿ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಐಷಾರಾಮಿ ಸರಕುಗಳ ಮೇಲೆ ಕೂತಾಗ ಈ ಚಿತ್ತಾರ ತನ್ನ ಇತಿಹಾಸವನ್ನು ಕಳಚಿಕೊಂಡು ಬರೀ ಅಲಂಕಾರವಾಗುತ್ತದೆ. ರೋಲ್ಸ್‌ರಾಯ್ಸ್ ಕಾರಿನ ಗಾಜಿನ ಹಿಂದಿನ ವಿನ್ಯಾಸ ನೋಡುವವರಿಗೆ ನ್ಯಾಬೆಲಾನ ಸೋಲು, ನಡುರಾತ್ರಿಯ ಬಸ್ಸು ನೆನಪಾಗುವ ಸಂಭವ ಕಡಿಮೆ. ಇದಕ್ಕೆ ಎಸ್ತರ್ ಅವರನ್ನು ದೂರುವುದು ಅನ್ಯಾಯ. ಬಡತನದ ಸೀಮೆಯಿಂದ ಬಂದ ಕಲಾವಿದೆ ತನ್ನ ಕೆಲಸಕ್ಕೆ ಬೆಲೆ ಪಡೆದರೆ ಮೂಗು ಮುರಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಕೊಂಡವರು ಇತಿಹಾಸವನ್ನೂ ಜೊತೆಗೆ ಹೇಳಬೇಕಿತ್ತು. ಹೇಳಿದ್ದು ಕಡಿಮೆ.

ಬಾಕಿಯ ವಿಷಯ ಬರುವುದು ಇಲ್ಲಿ. 1997ರಲ್ಲಿ ಬ್ರಿಟಿಷ್ ಏರ್‌ವೇಸ್ ತನ್ನ ವಿಮಾನಗಳ ಬಾಲಕ್ಕೆ ಜಗತ್ತಿನ ನಾನಾ ಕಡೆಯ ಕಲೆಯನ್ನು ಬಳಿಸಿತು. ಅವುಗಳಲ್ಲಿ ಎರಡು ಎನ್‌ಡೆಬೆಲೆ ವಿನ್ಯಾಸಗಳು. ಬಿಡಿಸಿದವರು ಎಮ್ಲಿ ಮತ್ತು ಮಾರ್ಥಾ ಮಸಾನಾಬೊ ಎಂಬ ಸಹೋದರಿಯರು. ವಿನ್ಯಾಸಗಳಿಗೆ ಅವರವೇ ಹೆಸರು. ಇಷ್ಟು ಸ್ಪಷ್ಟವಾಗಿದ್ದರೂ ಆ ವಿಮಾನಗಳನ್ನು ಎಸ್ತರ್ ಅವರ ಖಾತೆಗೆ ಜಮೆ ಮಾಡುವ ಬರಹಗಳು ಇಂದಿಗೂ ಸಿಗುತ್ತವೆ. ಎಸ್ತರ್ ಅವರ ಸಮಕಾಲೀನರಾದ, ಇಂಥದೇ ನುರಿತ ಕೈಯ ಫ್ರಾನ್ಸಿನಾ ಎನ್‌ಡಿಮಾಂಡೆ ಅವರ ಹೆಸರು ಎಷ್ಟು ಜನರಿಗೆ ಗೊತ್ತು? ಮಾರುಕಟ್ಟೆಗೆ ಒಂದು ಜನಾಂಗಕ್ಕೆ ಒಂದು ಹೆಸರು ಸಾಕು. ಎರಡನೆಯ ಹೆಸರು ನೆನಪಿಡುವ ಶ್ರಮ ಅದಕ್ಕೆ ಬೇಡ. ಹಿಂದೆ ಹೆಸರೇ ಇಲ್ಲದೆ ಮರೆಯಾಗಿದ್ದ ಹೆಂಗಸರು ಈಗ ಒಬ್ಬರ ಹೆಸರಿನ ಮರೆಯಲ್ಲಿ ಉಳಿದಿದ್ದಾರೆ.

ಕಾನೂನಿನ ಬಾಗಿಲಿನಲ್ಲೂ ಇದೇ ತೊಡಕು. ಹಕ್ಕುಸ್ವಾಮ್ಯ ಕೇಳುವುದು ಇದನ್ನು ಬರೆದವರಾರು ಎಂದು. ತಲೆಮಾರುಗಳ ಹೆಂಗಸರು ಸೇರಿ ಬೆಳೆಸಿದ ಆಕಾರಕ್ಕೆ ಅಲ್ಲಿ ಉತ್ತರವಿಲ್ಲ. ಹಾಗಾಗಿ ಎನ್‌ಡೆಬೆಲೆ ಮಾದರಿಯ ಬಟ್ಟೆ, ಬಟ್ಟಲು, ಚೀಲಗಳನ್ನು ಯಾರು ಬೇಕಾದರೂ ಮುದ್ರಿಸಿ ಮಾರಬಹುದಾದ ಸ್ಥಿತಿ. ದಕ್ಷಿಣ ಆಫ್ರಿಕಾ 2019ರಲ್ಲಿ ದೇಶೀಯ ಜ್ಞಾನವನ್ನು ರಕ್ಷಿಸುವ ಪ್ರತ್ಯೇಕ ಕಾಯಿದೆ ಮಾಡಿತು. ಸಮುದಾಯದ ಒಪ್ಪಿಗೆ, ಲಾಭದಲ್ಲಿ ಪಾಲು ಎಂಬ ತತ್ತ್ವಗಳು ಅದರಲ್ಲಿವೆ. ಕಾಗದದ ಮೇಲಿನ ಈ ತತ್ತ್ವ ಹಳ್ಳಿಯ ಬಣ್ಣದ ಬಟ್ಟಲಿಗೆ ಇಳಿದಾಗ ಮಾತ್ರ ಅದಕ್ಕೆ ಬೆಲೆ.

ಎಸ್ತರ್ ತಮ್ಮ ಕೈಲಾದ ಉತ್ತರವನ್ನು ಬಹಳ ಹಿಂದೆಯೇ ಕೊಟ್ಟಿದ್ದಾರೆ. ಮನೆಯ ಅಂಗಳದಲ್ಲೇ ಅವರು ನಡೆಸಿಕೊಂಡು ಬಂದ ಶಾಲೆಯಲ್ಲಿ ಊರ ಮಕ್ಕಳು ಬಣ್ಣ ಕಲಸುವುದನ್ನು, ಸ್ಕೇಲಿಲ್ಲದೆ ಗೆರೆ ಎಳೆಯುವುದನ್ನು ಕಲಿತರು. ತಾವು ಕಲಿತ ರೀತಿಯಲ್ಲೇ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವುದು ಅವರ ಕ್ರಮ. ಎಲ್ಲಿಗೆ ಹೋದರೂ ಮಣಿಹೊದಿಕೆ, ಕೊರಳ ಹಿತ್ತಾಳೆ ಬಳೆಗಳ ತಮ್ಮ ಊರ ಉಡುಗೆಯಲ್ಲೇ ಹೋದರು. ಇದನ್ನು ವೇಷ ಎಂದುಕೊಂಡವರುಂಟು. ಬೊಟ್ಶಬೆಲೊದಲ್ಲಿ ತಮ್ಮನ್ನು ನೋಡುವ ಕಣ್ಣುಗಳನ್ನು ಚೆನ್ನಾಗಿ ಅಳೆದಿದ್ದ ಹೆಂಗಸು, ನೋಡುವುದಾದರೆ ಹೀಗೇ ನೋಡಿ ಎಂದು ತಾವೇ ನಿರ್ಧರಿಸಿದಂತೆ ಅದು ತೋರುತ್ತದೆ.

2024ರ ಅಕ್ಟೋಬರಿನಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯ ಉದ್ಯಾನದಲ್ಲಿ ಅವರ ದೊಡ್ಡ ಭಿತ್ತಿಚಿತ್ರವೊಂದು ನಿಂತಿತು. ಅದರ ಹೆಸರು ‘ಉಮುಂಟು ಎನ್‌ಗುಮುಂಟು ಎನ್‌ಗಬಾಂಟು’. ಮನುಷ್ಯ ಮನುಷ್ಯನಾಗುವುದು ಇತರ ಮನುಷ್ಯರಿಂದ ಎಂಬ, ದಕ್ಷಿಣ ಆಫ್ರಿಕಾದಲ್ಲಿ ಮನೆಮನೆಗೂ ಗೊತ್ತಿರುವ ನಾಣ್ಣುಡಿ ಅದು. ಬ್ರಿಟನ್ನಿನಲ್ಲಿ ಸಾರ್ವಜನಿಕ ಸ್ಥಳದಲ್ಲಿ ನಿಂತ ತಮ್ಮ ಮೊದಲ ಕೃತಿಗೆ ತಮ್ಮ ಬಗೆಗಿನ ಮಾತನ್ನು ಬಿಟ್ಟು ಈ ಮಾತನ್ನು ಇಟ್ಟರೆಂಬುದು ಗಮನಿಸಬೇಕಾದ ಸಂಗತಿ. ಕೇಪ್‌ಟೌನ್ ಪ್ರದರ್ಶನವನ್ನು ರೂಪಿಸಿದ ನೊಂಟೊಬೆಕೊ ಎನ್‌ಟೊಂಬೆಲಾ ಕೂಡ ದಕ್ಷಿಣ ಆಫ್ರಿಕಾದವರೇ, ಕರಿಯ ಮಹಿಳೆಯೇ. ಬೇರೆಯವರು ಕಂಡುಹಿಡಿದ ಎಸ್ತರ್ ಎಂಬ ಕಥೆಯನ್ನು ಅವರದೇ ನಾಡಿನವರು ತಮ್ಮ ಮಾತಿನಲ್ಲಿ ತಿದ್ದಿ ಬರೆಯಲು ಆರಂಭಿಸಿದ್ದಾರೆ. ತಡವಾಯಿತು, ಆದರೂ ಆಯಿತು.

ಒಟ್ಟು ಲೆಕ್ಕ ಹೀಗೆ. ಎಸ್ತರ್ ಮಹ್ಲಾಂಗು ದೊಡ್ಡ ಕಲಾವಿದೆ. ಈ ಮಾತಿಗೆ ಹಿಂದೆ ಮುಂದೆ ಏನೂ ಸೇರಿಸಬೇಕಿಲ್ಲ. ಕಸುಬಿನ ಶಿಸ್ತು, ಬಣ್ಣದ ತೀರ್ಪು, ಊರನ್ನು ಬಿಡದ ಹಟ ಅವರನ್ನು ಇಲ್ಲಿಗೆ ತಂದವು. ಮ್ಯೂಸಿಯಂಗಳು ಇನ್ನು ಮಾಡಬೇಕಾದ ಕೆಲಸ, ಅವರ ಜೊತೆಗಿದ್ದ ಮತ್ತು ಹಿಂದಿದ್ದ ಹೆಂಗಸರ ಹೆಸರುಗಳನ್ನು ಹುಡುಕಿ ದಾಖಲಿಸುವುದು. ಕಂಪನಿಗಳು ಮಾಡಬೇಕಾದದ್ದು, ಕೊಂಡ ಚಿತ್ತಾರದ ಲಾಭದಲ್ಲಿ ಊರಿಗೆ ಪಾಲು ಕೊಡುವುದು. ಓದುಗರಾದ ನಾವು ಮಾಡಬಹುದಾದದ್ದೂ ಒಂದಿದೆ. ಇಂಥ ಚಿತ್ತಾರ ಚೀಲದ ಮೇಲೋ ಗೋಡೆಯ ಮೇಲೋ ಎಲ್ಲೇ ಕಣ್ಣಿಗೆ ಬಿದ್ದರೂ, ಚೆನ್ನಾಗಿದೆ ಎನ್ನುವುದರ ಜೊತೆಗೆ ಇದನ್ನು ಬಿಡಿಸಿದವರ ಹೆಸರೇನು ಎಂದು ಕೇಳೋಣ.